ಯಾದಗಿರಿ ಜಿಲ್ಲೆಯ ಆರೋಗ್ಯ ಮಾಹಿತಿ ಹಾಳೆ: ಛೇದವನ್ನು ನೋಡಿ ಓದಬೇಕಾದ ದಾಖಲೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳಿಗೂ ಒಂದೊಂದು ಮಾಹಿತಿ ಹಾಳೆ ಸಿದ್ಧವಾಯಿತು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯಕ್ಕಾಗಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ ಈ ಸಮೀಕ್ಷೆಯ ಮನೆಮನೆ ಭೇಟಿ ಕರ್ನಾಟಕದಲ್ಲಿ 2019ರ ದ್ವಿತೀಯಾರ್ಧದಲ್ಲಿ ನಡೆಯಿತು. ರಾಜ್ಯದ ಫಲಿತಾಂಶ 2020ರ ಡಿಸೆಂಬರ್‌ನಲ್ಲಿ ಹೊರಬಂತು. ಯಾದಗಿರಿ ಜಿಲ್ಲೆಯ ಹಾಳೆ ಕೆಲವೇ ಪುಟಗಳದ್ದು, ಅದರಲ್ಲಿ 104 ಸೂಚಕಗಳಿವೆ, ಬೆಲೆಯಿಲ್ಲ. ಯಾರು ಬೇಕಾದರೂ ಜಾಲತಾಣದಿಂದ ಇಳಿಸಿಕೊಂಡು, ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಬಹುದು. ಗ್ರಾಮಸಭೆಯಲ್ಲಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಇದನ್ನು ಕೈಯಲ್ಲಿ ಹಿಡಿದು ಮಾತನಾಡಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ನಾಗರಿಕನ ಕೈಗೆ ಉಚಿತವಾಗಿ ಸಿಗುವ ಆರೋಗ್ಯ ದಾಖಲೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ಆದರೆ ಈ ಹಾಳೆಯ ಪ್ರತಿಯೊಂದು ಸಂಖ್ಯೆಯೂ ಒಂದು ಭಿನ್ನರಾಶಿ: ಮೇಲೆ ಎಣಿಸಿದ್ದು, ಕೆಳಗೆ ಯಾರಲ್ಲಿ ಎಣಿಸಿದ್ದು. ಶಾಲೆಯಲ್ಲಿ ಅಂಶ ಮತ್ತು ಛೇದ ಎಂದು ಕಲಿತದ್ದು ಇದೇ. ಛೇದ ಯಾವುದೆಂದು ತಿಳಿಯದೆ ಸಂಖ್ಯೆಯನ್ನು ಉದ್ಧರಿಸುವವರು, ಒಳ್ಳೆಯ ಉದ್ದೇಶವಿದ್ದರೂ, ಜಿಲ್ಲೆಯ ಬಗ್ಗೆ ತಪ್ಪು ಚಿತ್ರವನ್ನೇ ಹರಡುತ್ತಾರೆ. ಹಾಳೆಯನ್ನು ರೂಪಿಸಿದವರು ಛೇದವನ್ನು ಸೂಚಕದ ಹೆಸರಿನಲ್ಲೇ ಅಡಗಿಸಿಟ್ಟಿದ್ದಾರೆ. ಅದನ್ನು ಬಿಡಿಸಿ ಹೇಳುವ ಕೆಲಸವನ್ನು ಓದುಗನಿಗೇ ಬಿಟ್ಟಿದ್ದಾರೆ.

ಹೆಚ್ಚಿನವರು ಈ ಹಾಳೆಯಲ್ಲಿ ಮೊದಲು ಹುಡುಕುವುದು ಶಿಶು ಮರಣ ಪ್ರಮಾಣವನ್ನು ಮತ್ತು ತಾಯಿ ಮರಣ ಪ್ರಮಾಣವನ್ನು. ಎರಡೂ ಇದರಲ್ಲಿಲ್ಲ. ಇದನ್ನು ಕೊರತೆ ಎಂದು ದೂರುವವರಿದ್ದಾರೆ. ನಾನು ಇದನ್ನು ಪ್ರಾಮಾಣಿಕತೆ ಎಂದು ತಿಳಿಯುತ್ತೇನೆ, ಏಕೆಂದರೆ ಒಂದು ಜಿಲ್ಲೆಯಲ್ಲಿ ಸುಮಾರು 900 ಮನೆಗಳಿಗೆ ಹೋಗಿ ಬಂದ ಸಮೀಕ್ಷೆಯಿಂದ ಅವುಗಳನ್ನು ನಂಬುವಂತೆ ಲೆಕ್ಕ ಹಾಕಲು ಸಾಧ್ಯವಿಲ್ಲ. ಶಿಶು ಮರಣ ಪ್ರಮಾಣವೆಂದರೆ ಜೀವಂತವಾಗಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವರ ಸಂಖ್ಯೆ. ಹುಟ್ಟಿದ ಮೊದಲ 28 ದಿನಗಳೊಳಗಿನ ಸಾವುಗಳನ್ನು ಮಾತ್ರ ತೆಗೆದುಕೊಂಡರೆ ಅದು ನವಜಾತ ಶಿಶು ಮರಣ ಪ್ರಮಾಣ. ಐದು ವರ್ಷ ತುಂಬುವ ಮೊದಲಿನ ಎಲ್ಲ ಸಾವುಗಳನ್ನು ಸೇರಿಸಿದರೆ ಐದು ವರ್ಷದೊಳಗಿನ ಮಕ್ಕಳ ಮರಣ ಪ್ರಮಾಣ. ಸತ್ತು ಹುಟ್ಟಿದ ಕೂಸುಗಳು ಈ ಮೂರರಲ್ಲಿ ಯಾವುದರಲ್ಲೂ ಸೇರುವುದಿಲ್ಲ. ರಾಜ್ಯಮಟ್ಟದ ಹಾಳೆಯಲ್ಲಿ ಕರ್ನಾಟಕಕ್ಕೆ ಈ ಮೂರು ಸಂಖ್ಯೆಗಳು ಸಿಗುತ್ತವೆ: ನವಜಾತ ಶಿಶುಗಳಿಗೆ 15.8, ಶಿಶುಗಳಿಗೆ 25.4, ಐದು ವರ್ಷದೊಳಗಿನವರಿಗೆ 29.5. ಇವುಗಳನ್ನು ಒಟ್ಟಿಗೆ ನೋಡಿದಾಗ, ಐದು ವರ್ಷದೊಳಗೆ ನಾವು ಕಳೆದುಕೊಳ್ಳುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಮೊದಲ ನಾಲ್ಕು ವಾರಗಳಲ್ಲೇ ಕಳೆದುಕೊಳ್ಳುತ್ತಿದ್ದೇವೆ ಎಂಬುದು ತಾನಾಗಿಯೇ ಕಾಣುತ್ತದೆ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು ಮನೆಗೆ ಮತ್ತೆ ಮತ್ತೆ ಏಕೆ ಬರುತ್ತಾರೆ ಎಂದು ಕೇಳುವವರಿಗೆ ಈ ಮೂರು ಸಂಖ್ಯೆಗಳೇ ಉತ್ತರ.

ಇದೇ ಕರ್ನಾಟಕಕ್ಕೆ ಇನ್ನೊಂದು ಶಿಶು ಮರಣ ಪ್ರಮಾಣವೂ ಚಲಾವಣೆಯಲ್ಲಿದೆ. ಮಾದರಿ ನೋಂದಣಿ ವ್ಯವಸ್ಥೆಯ 2020ರ ವರದಿಯ ಪ್ರಕಾರ ಅದು 19. ಒಬ್ಬರು 25 ಎನ್ನುತ್ತಾರೆ, ಇನ್ನೊಬ್ಬರು 19 ಎನ್ನುತ್ತಾರೆ, ಸಭೆಯಲ್ಲಿ ಇಬ್ಬರೂ ಪರಸ್ಪರ ಸುಳ್ಳು ಹೇಳುತ್ತಿದ್ದಾರೆಂದು ಭಾವಿಸುತ್ತಾರೆ. ಕುಟುಂಬ ಆರೋಗ್ಯ ಸಮೀಕ್ಷೆಯವರು ತಾಯಂದಿರನ್ನು ಭೇಟಿಯಾಗಿ, ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ವಿವರವನ್ನು ಕೇಳಿ ಲೆಕ್ಕ ಹಾಕುತ್ತಾರೆ. ಮಾದರಿ ನೋಂದಣಿಯವರು ಆಯ್ದ ಊರು ಮತ್ತು ವಾರ್ಡುಗಳಲ್ಲಿ ಜನನ ಮರಣಗಳನ್ನು ಆಯಾ ವರ್ಷವೇ ಬರೆದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಒಂದು ಐದು ವರ್ಷಗಳ ಸರಾಸರಿ, ಇನ್ನೊಂದು ಒಂದು ವರ್ಷದ ಚಿತ್ರ. ಪ್ರಮಾಣ ಇಳಿಯುತ್ತಿರುವ ರಾಜ್ಯದಲ್ಲಿ ಮೊದಲನೆಯದು ಸಹಜವಾಗಿಯೇ ಮೇಲಿರುತ್ತದೆ. ಹಿಂದಿನ ವರ್ಷದ ಸಂಖ್ಯೆಯನ್ನು ಒಂದು ಮೂಲದಿಂದ, ಈ ವರ್ಷದ ಸಂಖ್ಯೆಯನ್ನು ಇನ್ನೊಂದು ಮೂಲದಿಂದ ತೆಗೆದು ಏರಿಳಿತದ ಕಥೆ ಕಟ್ಟುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು.

ತಾಯಿ ಮರಣ ಪ್ರಮಾಣದ ಛೇದವಂತೂ ಇನ್ನೂ ದೊಡ್ಡದು. ಗರ್ಭಿಣಿಯಾಗಿದ್ದಾಗ, ಹೆರಿಗೆಯ ವೇಳೆ ಅಥವಾ ಗರ್ಭ ಮುಗಿದ 42 ದಿನಗಳೊಳಗೆ, ಗರ್ಭಕ್ಕೆ ಅಥವಾ ಅದರ ಚಿಕಿತ್ಸೆಗೆ ಸಂಬಂಧಿಸಿದ ಕಾರಣದಿಂದ ಆದ ಸಾವುಗಳನ್ನು ಪ್ರತಿ 1,00,000 ಜೀವಂತ ಜನನಗಳಿಗೆ ಹೋಲಿಸುತ್ತಾರೆ. ಅಪಘಾತದ ಸಾವುಗಳು ಇದರಲ್ಲಿ ಸೇರುವುದಿಲ್ಲ. 2018–20ರ ಅವಧಿಗೆ ಕರ್ನಾಟಕದ ಪ್ರಮಾಣ 69, ದೇಶದ್ದು 97. ಮೂರು ವರ್ಷಗಳ ಸಾವುಗಳನ್ನು ಕೂಡಿಸಿ ಲೆಕ್ಕ ಹಾಕುವುದು ಏಕೆಂದರೆ ಒಂದೇ ವರ್ಷದ ಸಾವುಗಳು ರಾಜ್ಯಮಟ್ಟದಲ್ಲೂ ಲೆಕ್ಕಕ್ಕೆ ಸಾಲುವುದಿಲ್ಲ. ವರ್ಷಕ್ಕೆ 25,000 ಹೆರಿಗೆಗಳಾಗುವ ಒಂದು ಜಿಲ್ಲೆ ಇದೆ ಎಂದುಕೊಳ್ಳೋಣ. ಅಲ್ಲಿ 20 ತಾಯಂದಿರು ತೀರಿಕೊಂಡರೆ ಪ್ರಮಾಣ 80 ಆಗುತ್ತದೆ. 25 ಆದರೆ 100 ಆಗುತ್ತದೆ. ಐದು ಸಾವುಗಳ ವ್ಯತ್ಯಾಸದಿಂದ ಜಿಲ್ಲೆ ರಾಷ್ಟ್ರೀಯ ಸರಾಸರಿಯ ಈಚೆಯಿಂದ ಆಚೆಗೆ ದಾಟಿಬಿಡುತ್ತದೆ. ಆ ಐದು ಸಾವುಗಳು ಅಲ್ಪವೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಪ್ರತಿಯೊಂದನ್ನೂ ತನಿಖೆ ಮಾಡಬೇಕು; ಆದರೆ ವರ್ಷದಿಂದ ವರ್ಷಕ್ಕೆ ಜಿಲ್ಲೆಯ ಶ್ರೇಯಾಂಕ ಕಟ್ಟಲು ಈ ಪ್ರಮಾಣ ತಕ್ಕ ಸಾಧನವಲ್ಲ.

ಊರಿನ ಮಟ್ಟಕ್ಕೆ ಇಳಿದರೆ ಈ ಕಷ್ಟ ಇನ್ನೂ ತೀಕ್ಷ್ಣವಾಗುತ್ತದೆ. ಶಹಾಪುರ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ ಸಭೆಯೊಂದರಲ್ಲಿ ಕೇಳಿದ ಪ್ರಶ್ನೆಯನ್ನು ಹಾಗೆಯೇ ಇಲ್ಲಿ ಕೊಡುತ್ತೇನೆ: "ಸರ್, ನಮ್ಮೂರಾಗ ಒಂದ್ ಕೂಸು ಹೋತಂದ್ರ ನಮ್ಮೂರು ಇಡೀ ರಾಜ್ಯಕ್ಕಿಂತ ಕೆಟ್ಟ ಊರು ಆಗ್ತದೇನ್ರಿ?" ಅವರ ಊರಿನಲ್ಲಿ ಸುಮಾರು ಸಾವಿರ ಜನ, ವರ್ಷಕ್ಕೆ ಇಪ್ಪತ್ತು ಹೆರಿಗೆಗಳು. ಒಂದು ಕೂಸು ತೀರಿಕೊಂಡರೆ ಲೆಕ್ಕದ ಪ್ರಕಾರ ಶಿಶು ಮರಣ ಪ್ರಮಾಣ 50 ಆಗುತ್ತದೆ. ಮರುವರ್ಷ ಯಾರೂ ತೀರಿಕೊಳ್ಳದಿದ್ದರೆ ಸೊನ್ನೆ. ಎರಡೂ ಸಂಖ್ಯೆಗಳಿಗೆ ಅರ್ಥವಿಲ್ಲ. ಊರಿನ ಮಟ್ಟದಲ್ಲಿ ಪ್ರಮಾಣವನ್ನು ಲೆಕ್ಕ ಹಾಕಬಾರದು. ಆ ಕೂಸು ಏಕೆ ತೀರಿಕೊಂಡಿತು, ತೂಕ ಎಷ್ಟಿತ್ತು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಕೇಳಬೇಕು. ಜಿಲ್ಲಾ ಹಾಳೆ ಈ ಸಂಖ್ಯೆಯನ್ನು ಕೊಡದೆ ಬಿಟ್ಟಿರುವುದರ ಹಿಂದೆಯೂ ಇದೇ ವಿವೇಕವಿದೆ ಎಂದು ನಾನು ಆಕೆಗೆ ಹೇಳಿದೆ.

ಹಾಳೆಯ ಅತ್ಯುತ್ತಮ ಭಾಗವೆಂದರೆ ಐದು ವರ್ಷದೊಳಗಿನ ಮಕ್ಕಳ ಪೋಷಣೆಯ ಸಾಲುಗಳು. ಅಂಗನವಾಡಿಯ ತೂಕದ ದಾಖಲೆಯನ್ನಷ್ಟೇ ನೋಡಿದವರಿಗೆ ಇಲ್ಲಿ ಹೊಸ ತಿಳಿವಳಿಕೆ ಸಿಗುತ್ತದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು ಕುಂಠಿತ ಬೆಳವಣಿಗೆ. ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು ಕೃಶತೆ. ವಯಸ್ಸಿಗೆ ತಕ್ಕ ತೂಕವಿಲ್ಲದಿರುವುದು ಕಡಿಮೆ ತೂಕ. "ತಕ್ಕ" ಎಂಬುದನ್ನು ನಿರ್ಧರಿಸುವುದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆಯ ಮಾನದಂಡ. ಆ ಮಾನದಂಡದ ಮಧ್ಯಾಂಕಕ್ಕಿಂತ, ಅಂದರೆ ನಟ್ಟನಡುವಿನ ಬೆಲೆಗಿಂತ, ಎರಡು ಪ್ರಮಾಣಿತ ವಿಚಲನೆಗಳಿಗಿಂತಲೂ (ಬೆಲೆಗಳು ಎಷ್ಟು ಹರಡಿವೆ ಎಂಬುದರ ಅಳತೆ) ಕೆಳಗಿರುವ ಮಗುವನ್ನು ಈ ಪಟ್ಟಿಗೆ ಸೇರಿಸುತ್ತಾರೆ. ಮೂರಕ್ಕಿಂತ ಕೆಳಗಿದ್ದರೆ ತೀವ್ರ ಎನ್ನುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರು "ಸ್ಯಾಮ್ ಮಗು" ಎಂದು ಗುರುತಿಸಿ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಕಳಿಸುವುದು ಎತ್ತರಕ್ಕೆ ಹೋಲಿಸಿದಾಗ ತೂಕ ತೀವ್ರವಾಗಿ ಕುಸಿದ ಮಕ್ಕಳನ್ನು.

ಈ ಮೂರನ್ನೂ ಅಪೌಷ್ಟಿಕತೆ ಎಂಬ ಒಂದೇ ಚೀಲಕ್ಕೆ ತುಂಬಿಬಿಡುವುದರಿಂದ ನಮ್ಮ ಭಾಗಕ್ಕೆ ದೊಡ್ಡ ನಷ್ಟವಾಗಿದೆ. ಕೃಶತೆ ಈಗಿನ ಸಂಕಟದ ಗುರುತು: ಇತ್ತೀಚಿನ ಬೇಧಿ, ಜ್ವರ, ಕೆಲವು ವಾರಗಳ ಊಟದ ಕೊರತೆ. ಕುಂಠಿತ ಬೆಳವಣಿಗೆ ಗರ್ಭದಿಂದಲೇ ಆರಂಭವಾಗಿ ಮೊದಲ ಎರಡು ವರ್ಷಗಳಲ್ಲಿ ಗಟ್ಟಿಯಾಗುವ ದೀರ್ಘ ಕೊರತೆಯ ಗುರುತು. ಅದರಲ್ಲಿ ತಾಯಿಯ ರಕ್ತಹೀನತೆ, ಬೇಗನೆ ಆದ ಮದುವೆ, ಮತ್ತೆ ಮತ್ತೆ ಬರುವ ಸೋಂಕು, ಕುಡಿಯುವ ನೀರು ಎಲ್ಲವೂ ಸೇರಿರುತ್ತವೆ. ಕುಂಠಿತಗೊಂಡ ಮಗು ತನ್ನ ಗಿಡ್ಡ ಎತ್ತರಕ್ಕೆ ಸರಿಯಾದ ತೂಕವನ್ನೇ ಹೊಂದಿರಬಹುದು. ನೋಡಿದವರಿಗೆ ಅದು ವಯಸ್ಸಿನಲ್ಲಿ ಸಣ್ಣದಾದ, ಆರೋಗ್ಯವಂತ ಕೂಸಿನಂತೆಯೇ ಕಾಣುತ್ತದೆ. ಕರ್ನಾಟಕದ ಸರಾಸರಿಯಲ್ಲಿ ಕುಂಠಿತ ಬೆಳವಣಿಗೆ ಶೇಕಡಾ 35.4, ಕೃಶತೆ ಶೇಕಡಾ 19.5, ಕಡಿಮೆ ತೂಕ ಶೇಕಡಾ 32.9. ಯಾದಗಿರಿಯ ಕುಂಠಿತ ಬೆಳವಣಿಗೆಯ ಸಂಖ್ಯೆ ರಾಜ್ಯದ ಸರಾಸರಿಗಿಂತ ಬಹಳ ಮೇಲಿದೆ. ಎರಡು ಸುತ್ತುಗಳಲ್ಲೂ ಹಾಗೆಯೇ ಉಳಿದಿದೆ. ಈ ಒಂದು ಸಾಲನ್ನು ಓದಿದ ಪಂಚಾಯಿತಿ ಸದಸ್ಯರು ಮೊಟ್ಟೆ, ಹಾಲಿನ ಪುಡಿಯ ಜೊತೆಗೆ ಗರ್ಭಿಣಿಯರ ಊಟದ ಬಗ್ಗೆ, ಶೌಚಾಲಯದ ಬಗ್ಗೆ, ಹೆಣ್ಣುಮಕ್ಕಳ ಓದಿನ ಬಗ್ಗೆಯೂ ಕೇಳಬೇಕಾಗುತ್ತದೆ.

ಹಾಳೆಯ ದೊಡ್ಡ ದೌರ್ಬಲ್ಯ ಅದರ ಎರಡು ಕಾಲಮುಗಳಲ್ಲಿದೆ. 2015–16ರ ನಾಲ್ಕನೆಯ ಸುತ್ತಿನ ಸಂಖ್ಯೆಯನ್ನೂ ಐದನೆಯ ಸುತ್ತಿನ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ, ಆದರೆ ಯಾವುದಕ್ಕೂ ವಿಶ್ವಾಸ ಮಿತಿಯನ್ನು ಕೊಟ್ಟಿಲ್ಲ. ಸಮೀಕ್ಷೆ ಎಲ್ಲರನ್ನೂ ಎಣಿಸುವುದಿಲ್ಲ. ಆಯ್ದ ಮನೆಗಳಿಂದ ಅಂದಾಜು ಮಾಡುತ್ತದೆ. ಆದ್ದರಿಂದ ಪ್ರತಿ ಸಂಖ್ಯೆಯ ಎಡಬಲಕ್ಕೂ ನಿಜವಾದ ಬೆಲೆ ಇರಬಹುದಾದ ಒಂದು ಹರವು ಇರುತ್ತದೆ. ಜಿಲ್ಲೆಯಲ್ಲಿ 400 ಮಕ್ಕಳನ್ನು ಅಳೆದು ಶೇಕಡಾ 50 ಎಂದು ಬಂದರೆ, ಸರಳ ಲೆಕ್ಕದಲ್ಲಿ ಅದರ ಶೇಕಡಾ 95ರ ವಿಶ್ವಾಸ ಮಿತಿ ಸುಮಾರು 45ರಿಂದ 55. ಮನೆಗಳನ್ನು ಗುಂಪುಗುಂಪಾಗಿ ಆಯ್ದುಕೊಳ್ಳುವುದರಿಂದ ವಾಸ್ತವದಲ್ಲಿ ಇನ್ನೂ ಅಗಲ. ಎರಡು ಸುತ್ತುಗಳ ನಡುವೆ ಎರಡೋ ಮೂರೋ ಶೇಕಡಾವಾರು ಅಂಶಗಳ ವ್ಯತ್ಯಾಸ ಕಂಡಾಗ ಅದನ್ನು ಏರಿಕೆ ಎಂದಾಗಲಿ ಇಳಿಕೆ ಎಂದಾಗಲಿ ಹೇಳಲು ಆಧಾರವಿಲ್ಲ. ಲಸಿಕೆಯ ಸಾಲಿನಲ್ಲಿ ಛೇದ ಮತ್ತೂ ಚಿಕ್ಕದು, ಏಕೆಂದರೆ ಅಲ್ಲಿ ಎಣಿಸುವುದು 12ರಿಂದ 23 ತಿಂಗಳ ಮಕ್ಕಳನ್ನು ಮಾತ್ರ. 80 ಮಕ್ಕಳಲ್ಲಿ ಶೇಕಡಾ 70 ಎಂದರೆ ಹತ್ತು ಶೇಕಡಾವಾರು ಅಂಶ ಆಚೀಚೆ.

ಜನನದ ವೇಳೆಯ ಲಿಂಗಾನುಪಾತವನ್ನು ಜಿಲ್ಲಾಮಟ್ಟದಲ್ಲಿ ಓದುವುದು ಎಲ್ಲಕ್ಕಿಂತ ಅಪಾಯಕಾರಿ. ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಪ್ರತಿ 1,000 ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಎಂಬುದು ಅದರ ಅರ್ಥ. ಪ್ರಕೃತಿಸಹಜವಾಗಿ ಅದು 950ರ ಆಸುಪಾಸಿನಲ್ಲಿರುತ್ತದೆ. ಸಮೀಕ್ಷೆಯಲ್ಲಿ 400 ಜನನಗಳಷ್ಟೇ ಸಿಕ್ಕಿದ್ದರೆ, ನಿಜವಾದ ಅನುಪಾತ 950 ಇರುವ ಜಿಲ್ಲೆಯಲ್ಲೂ ಕೇವಲ ಆಯ್ಕೆಯ ಆಕಸ್ಮಿಕದಿಂದ 780 ಎಂದೂ ಬರಬಹುದು, 1,150 ಎಂದೂ ಬರಬಹುದು. ಒಂದು ಸುತ್ತಿನಲ್ಲಿ ಕುಸಿತ ಕಂಡು ಜಿಲ್ಲೆಯ ಜನರನ್ನೇ ಭ್ರೂಣಹತ್ಯೆಯ ಆರೋಪಿಗಳನ್ನಾಗಿಸುವುದು, ಮುಂದಿನ ಸುತ್ತಿನಲ್ಲಿ ಏರಿಕೆ ಕಂಡು ಅಭಿಯಾನ ಯಶಸ್ವಿಯಾಯಿತೆಂದು ಸನ್ಮಾನ ಮಾಡುವುದು, ಎರಡೂ ಈ ಹರವನ್ನು ಮರೆತದ್ದರ ಫಲ. ಒಟ್ಟು ಜನಸಂಖ್ಯೆಯ ಲಿಂಗಾನುಪಾತ ಬೇರೆಯೇ ಸಾಲು. ಅದರಲ್ಲಿ ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು ಎಣಿಸುತ್ತಾರೆ. ಬೆಂಗಳೂರು, ಮುಂಬೈ, ಹೈದರಾಬಾದಿಗೆ ದುಡಿಯಲು ಗುಳೆ ಹೋದ ಗಂಡಸರು ಆ ಎಣಿಕೆಯಲ್ಲಿ ಇರುವುದಿಲ್ಲ. ಕುಟುಂಬವೇ ಗುಳೆ ಹೋಗಿ ಬೀಗ ಬಿದ್ದ ಮನೆಯಂತೂ ಯಾವ ಸಾಲಿಗೂ ಉತ್ತರ ಕೊಡುವುದಿಲ್ಲ. ನಮ್ಮ ಜಿಲ್ಲೆಯ ಅತ್ಯಂತ ಬಡ ಮಕ್ಕಳ ಒಂದು ಪಾಲು ಹೀಗೆ ಲೆಕ್ಕದಿಂದ ಜಾರಿಹೋಗುತ್ತದೆ ಎಂಬುದು ನನ್ನನ್ನು ನಿಜವಾಗಿ ಕಾಡುವ ವಿಷಯ.

ಕೆಲವು ಸಂಖ್ಯೆಗಳನ್ನು ಆವರಣದೊಳಗೆ ಇಟ್ಟಿರುವುದನ್ನೂ, ಕೆಲವು ಕಡೆ ನಕ್ಷತ್ರದ ಗುರುತು ಮಾತ್ರ ಇರುವುದನ್ನೂ ಗಮನಿಸಬೇಕು. ಆವರಣವೆಂದರೆ 25ರಿಂದ 49 ಪ್ರಕರಣಗಳ ಮೇಲೆ ನಿಂತ ಸಂಖ್ಯೆ, ನಕ್ಷತ್ರವೆಂದರೆ 25ಕ್ಕಿಂತ ಕಡಿಮೆ. ಹಿಂದಿನ ಎರಡು ವಾರಗಳಲ್ಲಿ ಬೇಧಿಯಾದ ಮಕ್ಕಳಿಗೆ ಓಆರ್‌ಎಸ್ ಕೊಟ್ಟರೇ ಎಂಬಂಥ ಸಾಲುಗಳಲ್ಲಿ ಇವು ಬರುತ್ತವೆ. ಆವರಣವನ್ನು ಕಿತ್ತುಹಾಕಿ ಸಂಖ್ಯೆಯನ್ನು ಮಾತ್ರ ಭಾಷಣಕ್ಕೆ ಎತ್ತಿಕೊಳ್ಳಬಾರದು.

ಇಳಿಕೆಯನ್ನು ಹೇಳುವ ರೀತಿಯ ಬಗ್ಗೆಯೂ ಎಚ್ಚರ ಬೇಕು. ಕರ್ನಾಟಕದಲ್ಲಿ ಕೃಶತೆ ಶೇಕಡಾ 26.1ರಿಂದ 19.5ಕ್ಕೆ ಇಳಿಯಿತು. ನೂರು ಮಕ್ಕಳಲ್ಲಿ ಆರೂವರೆ ಮಕ್ಕಳಷ್ಟು ಕಡಿಮೆಯಾಯಿತು ಎನ್ನಬಹುದು. ಮೊದಲಿದ್ದುದರ ಕಾಲು ಭಾಗ ಕಡಿಮೆಯಾಯಿತು ಎಂದೂ ಹೇಳಬಹುದು. ಎರಡೂ ಸರಿ. ಆದರೆ ಒಬ್ಬರು "ಶೇಕಡಾ 25 ಇಳಿಕೆ" ಎಂದಷ್ಟೇ ಹೇಳಿದಾಗ, ಯಾವುದರ ಶೇಕಡಾ ಎಂದು ಕೇಳುವ ಹಕ್ಕು ಕೇಳುಗನಿಗಿದೆ. ಇದೇ ಅವಧಿಯಲ್ಲಿ 6ರಿಂದ 59 ತಿಂಗಳ ಮಕ್ಕಳ ರಕ್ತಹೀನತೆ ಶೇಕಡಾ 60.9ರಿಂದ 65.5ಕ್ಕೆ ಏರಿತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಹೆರಿಗೆಯ ಸಾಲುಗಳಲ್ಲಿ ಈ ಹಾಳೆ ಇತರ ಸರ್ಕಾರಿ ಅಂಕಿಅಂಶಗಳಿಗಿಂತ ನಂಬಲರ್ಹ ಎನ್ನಲು ಸ್ಥಳೀಯ ಕಾರಣವೇ ಇದೆ. ಯಾದಗಿರಿ ಮತ್ತು ರಾಯಚೂರು 2018ರಿಂದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿವೆ, ಅಂದರೆ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತುವ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ. ಪ್ರಗತಿಯನ್ನು ತೋರಿಸಲು ತಿಂಗಳು ತಿಂಗಳು ಬಳಸುವ ಆಡಳಿತದ ಅಂಕಿಅಂಶ ಬಹುಮಟ್ಟಿಗೆ ಆಸ್ಪತ್ರೆಗಳು, ಆರೋಗ್ಯ ಕೇಂದ್ರಗಳು ಕಳಿಸುವ ವರದಿ. ಅಲ್ಲಿ ಹೆರಿಗೆಯನ್ನು ಆದ ಜಾಗದಲ್ಲಿ ಎಣಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಮೊದಲ ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಕಷ್ಟದ ಹೆರಿಗೆಯಾದರೆ ಕಲಬುರಗಿಗೋ ರಾಯಚೂರಿಗೋ ಕಳಿಸುತ್ತಾರೆ. ಹೀಗೆ ದೊಡ್ಡ ಆಸ್ಪತ್ರೆಗಳಿರುವ ಕಲಬುರಗಿಯ ಲೆಕ್ಕದಲ್ಲಿ ಸುತ್ತಲಿನ ಜಿಲ್ಲೆಗಳ ಜನನವೂ ಮರಣವೂ ಸೇರಿಕೊಳ್ಳುತ್ತವೆ, ಯಾದಗಿರಿಯ ಲೆಕ್ಕ ತೆಳ್ಳಗಾಗುತ್ತದೆ. ಕುಟುಂಬ ಸಮೀಕ್ಷೆ ತಾಯಿಯನ್ನು ಮನೆಯಲ್ಲೇ ಭೇಟಿಯಾಗಿ ಕೇಳುವುದರಿಂದ ಈ ಗೊಂದಲ ಬಹಳಷ್ಟು ತಪ್ಪುತ್ತದೆ. ಆದರೆ ಇಲ್ಲೂ ಕಾಲವನ್ನು ನೆನಪಿಡಬೇಕು: ಸಾಂಸ್ಥಿಕ ಹೆರಿಗೆಯ ಸಂಖ್ಯೆ ಸಮೀಕ್ಷೆಗೆ ಹಿಂದಿನ ಐದು ವರ್ಷಗಳದ್ದು. ರಾಜ್ಯದಲ್ಲಿ ಅದು ಶೇಕಡಾ 97 ತಲುಪಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು ಎಂಬುದಷ್ಟೇ ಅದರ ಅರ್ಥ. ಅಲ್ಲಿ ರಕ್ತ ಸಿಕ್ಕಿತೇ, ತಜ್ಞರಿದ್ದರೇ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಬಾಲ್ಯವಿವಾಹದ ಸಾಲನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅಲ್ಲಿ ಕೇಳಿದ್ದು 20ರಿಂದ 24 ವರ್ಷದ ಹೆಂಗಸರನ್ನು, 18 ತುಂಬುವ ಮೊದಲೇ ಮದುವೆಯಾಗಿತ್ತೇ ಎಂದು. ರಾಜ್ಯದಲ್ಲಿ ಅದು ಶೇಕಡಾ 21.3. ಹದಿನಾರರ ಹುಡುಗಿಯನ್ನು ಕೇಳಿ ಇಲ್ಲವೆಂದು ಬರೆದುಕೊಂಡರೆ ಮುಂದಿನ ವರ್ಷ ಆಕೆಯ ಮದುವೆಯಾಗಬಹುದು; ಆದ್ದರಿಂದಲೇ ಆ ವಯಸ್ಸನ್ನು ದಾಟಿದವರನ್ನು ಕೇಳುತ್ತಾರೆ. ಹೀಗಾಗಿ ಈ ಸಂಖ್ಯೆ ಈ ವರ್ಷ ತಡೆದ ಮದುವೆಗಳ ಫಲವನ್ನು ತೋರಿಸುವುದಿಲ್ಲ. ಅದಕ್ಕೆ ಹಲವು ವರ್ಷ ಕಾಯಬೇಕು.

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಸಾಲುಗಳು ಸಮೀಕ್ಷೆಯ ದಿನ ಎಷ್ಟು ಜನರಲ್ಲಿ ತೊಂದರೆ ಇತ್ತು ಎಂಬುದನ್ನು, ಅಂದರೆ ವ್ಯಾಪಕತೆಯನ್ನು, ತಿಳಿಸುತ್ತವೆ. ಒಂದು ವರ್ಷದಲ್ಲಿ ಹೊಸದಾಗಿ ಎಷ್ಟು ಜನರಿಗೆ ಬಂತು ಎಂಬುದು ಬೇರೆ ಲೆಕ್ಕ. ಚಿಕಿತ್ಸೆ ಸುಧಾರಿಸಿ ರೋಗಿಗಳು ಹೆಚ್ಚು ಕಾಲ ಬದುಕಿದರೆ ವ್ಯಾಪಕತೆ ಏರುತ್ತದೆ. ಅದು ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಔಷಧ ಸೇವಿಸುತ್ತಿರುವವರನ್ನೂ ಈ ಸಾಲಿನಲ್ಲಿ ಸೇರಿಸಿರುವುದು ಸರಿಯಾದ ಕ್ರಮ.

ಕೊರತೆಗಳ ಬಗ್ಗೆ ಎರಡು ಮಾತು. ಹಾಳೆಯಲ್ಲಿ ಜಿಲ್ಲೆಯ ಒಟ್ಟು ಸಂಖ್ಯೆ ಮಾತ್ರ ಇದೆ; ಗ್ರಾಮ, ನಗರ ಎಂಬ ವಿಂಗಡಣೆಯಿಲ್ಲ, ತಾಲ್ಲೂಕಿನ ಸಂಖ್ಯೆಯಿಲ್ಲ. ಹುಣಸಗಿಯ ತಾಂಡಾಗಳೂ ಯಾದಗಿರಿ ಪಟ್ಟಣವೂ ಒಂದೇ ಸರಾಸರಿಯಲ್ಲಿ ಬೆರೆತುಹೋಗುತ್ತವೆ. ಸಮೀಕ್ಷೆಯ ಗಾತ್ರ ಅದಕ್ಕೆ ಅವಕಾಶ ಕೊಡುವುದಿಲ್ಲವೆಂಬುದು ನಿಜ, ಆದರೆ ಆ ಮಾತನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹೇಳಬಹುದಾಗಿತ್ತು. ಇಂಗ್ಲಿಷಿನಲ್ಲಿ ಮಾತ್ರ ಸಿಗುವುದು ಇನ್ನೊಂದು ಅಡ್ಡಿ: 2011ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡಾ 52ರ ಆಸುಪಾಸಿನಲ್ಲಿದ್ದ ಜಿಲ್ಲೆಯ ಜನರ ಕೈಗೆ ಅವರದೇ ಮಕ್ಕಳ ಲೆಕ್ಕ ಕನ್ನಡದಲ್ಲಿ, ಪ್ರತಿ ಸೂಚಕದ ಕೆಳಗೆ ಒಂದು ಸಾಲಿನ ವಿವರಣೆಯೊಂದಿಗೆ ತಲುಪಬೇಕು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ವಿಶ್ವಾಸ ಮಿತಿ ಇಲ್ಲದಿರುವುದಕ್ಕೆ ಒಂದು ಅಂಕವನ್ನು ಹಿಡಿದಿಟ್ಟಿದ್ದೇನೆ. ಕಲಬುರಗಿ ಮತ್ತು ಬೀದರ್ ಜಿಲ್ಲೆಗಳ ಹಾಳೆಗಳೂ ಇದೇ ಮಾದರಿಯಲ್ಲಿವೆ. ಮೂರನ್ನೂ ರಾಜ್ಯದ ಹಾಳೆಯೊಂದಿಗೆ ಇಟ್ಟುಕೊಂಡು, ಮೊದಲು ಮಕ್ಕಳ ಪೋಷಣೆಯ ಸಾಲುಗಳನ್ನು, ಆಮೇಲೆ ಹೆಂಗಸರ ರಕ್ತಹೀನತೆಯ ಸಾಲನ್ನು, ಕೊನೆಗೆ ಬಾಲ್ಯವಿವಾಹದ ಸಾಲನ್ನು ಓದಬೇಕೆಂಬುದು ನನ್ನ ಸಲಹೆ. ಲಿಂಗಾನುಪಾತದ ಸಾಲನ್ನು ಜಿಲ್ಲಾಮಟ್ಟದಲ್ಲಿ ಬಿಟ್ಟುಬಿಟ್ಟು, ಅದಕ್ಕೆ ಜನಗಣತಿಯನ್ನೂ ಜನನ ನೋಂದಣಿಯನ್ನೂ ನೋಡುವುದು ಲೇಸು.